ಕಂಪ್ಯೂಟರಿಗೂ ಬಂತು ಆಷಾಢ

"ಒಂದು ತಿಂಗಳು ತಾನೇ! ಕಣ್ಮುಚ್ಚಿ ಬಿಡೋದ್ರೊಳಗೆ ಕಳೆದೋಯ್ತದೆ!" ಮೊದಲ ಆಷಾಢಕ್ಕೆ ಹೆಂಡತಿಯನ್ನು ಮರಳವಾಡಿಯ ತವರಿಗೆ ಬಸ್ಸು ಹತ್ತಿಸುವಾಗ ರುದ್ರಪ್ರಸಾದ್ ಎದೆಯುಬ್ಬಿಸಿ ಹೇಳಿದ್ದ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಧೀರ ಅವನು. ಬೇರೆ ಹೊಸ ಗಂಡಂದಿರ ಹಾಗೆ ಹಲುಬುವ ಪೈಕಿ ಅಲ್ಲವೇ ಅಲ್ಲ! ಸೌಮ್ಯಶ್ರೀ ನಕ್ಕು, ಬಟ್ಟೆಯ ಬ್ಯಾಗಿನ ಜೊತೆ ತನ್ನ ಲ್ಯಾಪ್‌ಟಾಪನ್ನೂ ತೊಡೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟಳು.

ಧೀರನ ಧೈರ್ಯ ರಾಮನಗರದ ಮನೆಯ ಬಾಗಿಲು ತೆಗೆಯುವವರೆಗೆ ಇತ್ತು. ಅವಳ ಕ್ಲಿಪ್ಪು ಕನ್ನಡಿಯ ಮುಂದೆ ಹಾಗೇ ಬಿದ್ದಿತ್ತು. ಎತ್ತಿಡಲು ಮನಸ್ಸು ಬರಲಿಲ್ಲ. ಕಾಫಿಗೆ ಸಕ್ಕರೆ ಹಾಕಿದರೂ ಸಪ್ಪೆ, ಹಾಕದಿದ್ದರೂ ಸಪ್ಪೆ. ಅವಳಿಲ್ಲದೆ ಎಂಥ ಹಾಳು ಮನೆಯಪ್ಪಾ ಇದು ಎನಿಸಿತು.

ಅಷ್ಟರಲ್ಲಿ ತಾಯಿ ಗಿರಿಜಾಂಬನವರ ಕೂಗು: "ಲೋ ರುದ್ರ! ನನ್ ಸೀರಿಯಲ್ ನಿಂತೋಗೈತೆ ಕಣೋ! ಆ ಅತ್ತೆ ಬಾಯಿ ತೆರೆದೋಳು ತೆರೆದಂಗೇ ಅವ್ಳೆ!"

ಟೀವಿಗೆ ಸೀರಿಯಲ್ ಬರುತ್ತಿದ್ದುದು ರುದ್ರ ಜೋಡಿಸಿಟ್ಟಿದ್ದ ಲಿನಕ್ಸ್ ಕಂಪ್ಯೂಟರಿನಿಂದ. ಅದಕ್ಕೆ ಇನ್ನೊಂದು ಕೆಲಸವೂ ಇತ್ತು: ಸೌಮ್ಯಳ ಲ್ಯಾಪ್‌ಟಾಪಿನಲ್ಲಿರುವ ಮದುವೆಯ ಫೋಟೋಗಳನ್ನು ಆಗಾಗ ತನ್ನೊಳಗೆ ನಕಲು ಮಾಡಿಕೊಳ್ಳುವುದು. ನೋಡಿದರೆ, ಆ ನಕಲು ಮಾಡುವ ಪ್ರೋಗ್ರಾಂ ನಡುದಾರಿಯಲ್ಲಿ ನಿಂತಿದೆ. ಅದರ ಹಿಂದೆ ಅಂಥದೇ ಇನ್ನೊಂದು, ಮತ್ತೊಂದು, ರೇಷನ್ ಅಂಗಡಿಯ ಮುಂದಿನ ಹಾಗೆ ಸಾಲೋ ಸಾಲು! ಮುಂದಿನದು ಕದಲದೆ ಹಿಂದಿನದಕ್ಕೆ ದಾರಿಯಿಲ್ಲ; ಸೀರಿಯಲ್ಲೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡಿದೆ.

"ಬಿಡದೀಲಿ ಇಂಥವನ್ನ ದಿನಾ ಕೊಲ್ತೀನಿ ಕಣವ್ವ! ಈಗ್ಲೇ ಮುಗಿಸ್ಬುಡ್ತೀನಿ ನೋಡು!"

"ಆಷಾಢದಲ್ಲಿ ಕೊಲ್ಲೋ ಮಾತು ಯಾಕ್ಲಾ?"

ಮೊದಲು 'ಕಿಲ್' ಎಂದು ಮೆತ್ತಗೆ ಆಜ್ಞೆ ಕೊಟ್ಟ. ಅಲುಗಾಡಲಿಲ್ಲ. 'ಕಿಲ್ ಮೈನಸ್ ಒಂಬತ್ತು' ಎಂಬ ಬ್ರಹ್ಮಾಸ್ತ್ರವನ್ನೇ ಬಿಟ್ಟ. ಎಷ್ಟೇ ಕೊಬ್ಬಿದ ಪ್ರೋಗ್ರಾಮಾದರೂ ಇದಕ್ಕೆ ಮಣ್ಣು ಮುಕ್ಕಲೇಬೇಕು. ಇದು ಮಿಸುಕಲೂ ಇಲ್ಲ! ಕಣ್ಣು ಕಿರಿದು ಮಾಡಿ ನೋಡಿದಾಗ ಅದರ ಹೆಸರಿನ ಪಕ್ಕ 'ಡಿ' ಎಂಬ ಅಕ್ಷರ ಕಂಡಿತು. ಅಂದರೆ, ಇದು ಏನಕ್ಕೋ ಕಾಯುತ್ತಿದೆ. ಅದು ಬರುವವರೆಗೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

"ಏನಂತ್ಲಾ ಅದ್ರ ರೋಗ?"

"ಸೌಮ್ಯನ ಲ್ಯಾಪ್‌ಟಾಪ್ ಬರೋಗಂಟ ಕಾಯ್ತದಂತೆ ಕಣವ್ವ," ಎಂದ. ಕೊಲ್ಲಹೊರಟವನಿಗೇ ಆ ಬಡಪಾಯಿಯ ಮೇಲೆ ಕನಿಕರ ಉಕ್ಕಿಬಂತು. ತಾನೂ ಅಷ್ಟೇ ಅಲ್ಲವೇ!

ಗಿರಿಜಾಂಬ ಮಗನ ಮುಖ ನೋಡಿದರು. ಸೀರಿಯಲ್ಲಿನ ಅತ್ತೆಯ ಮುಖ ನೋಡಿದರು. ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತರು! ಮತ್ತೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಸ್ವಲ್ಪ ಹೊತ್ತಿಗೆ ಅತ್ತೆ ನಿಲ್ಲಿಸಿದಲ್ಲಿಂದಲೇ ಬೈಗುಳ ಮುಂದುವರಿಸಿದಳು.

ಅಲ್ಲಿಗೆ ಸಮಸ್ಯೆ ಮುಗಿಯಿತು. ಆದರೂ ಭಾನುವಾರ ರುದ್ರಪ್ರಸಾದ್ ಕನಕಪುರಕ್ಕೆ ಹೋಗಿ, ಬಸ್ಸು ಬದಲಿಸಿ, ಮರಳವಾಡಿಯಲ್ಲಿ ಇಳಿದ. ಆಷಾಢದಲ್ಲಿ ಹೊಸ ಅಳಿಯ ಅತ್ತೆಮನೆಯ ಹೊಸಿಲು ದಾಟುವಂತಿಲ್ಲ. ಅಂಗಳದಲ್ಲೇ ನಿಂತು ಮಾವ ಸಿದ್ದಗಂಗಯ್ಯನವರಿಗೆ ಗಂಭೀರವಾಗಿ ವಿವರಿಸಿದ: "ಕಂಪ್ಯೂಟ್ರು ನಿಂತೋಗ್ಬುಟ್ಟೈತೆ ಮಾವ. ಲ್ಯಾಪ್‌ಟಾಪ್ ಬೇಕೇ ಬೇಕು!"

ಬಾಗಿಲ ಮರೆಯಿಂದ ಸೌಮ್ಯಶ್ರೀಯ ದನಿ ಬಂತು. ಎಷ್ಟು ದಿನವಾಯಿತು ಆ ದನಿಯನ್ನು ಫೋನಿಲ್ಲದೆ ಕೇಳಿ! ಅವನಿಗೆ ಹೇಳಬೇಕೆಂದುಕೊಂಡಿದ್ದೆಲ್ಲ ಮರೆತೇಹೋಯಿತು.

"ಅತ್ತೆ ಫೋನ್ ಮಾಡಿದ್ರು ಕಣ್ರೀ. ಪ್ಲಗ್ ಕಿತ್ತು ಹಾಕಿದ್ಮೇಲೆ ಸರಿಹೋಯ್ತಂತಲ್ಲ! ಇನ್ಯಾವ್ದು ನಿಂತೋಗೈತೆ?"

ಬ್ರಹ್ಮಾಸ್ತ್ರ ಬಿಟ್ಟ ಧೀರ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದ.

"ನಾನು," ಎಂದ.

ಒಳಗೆ ಕಿಸಕ್ಕನೆ ನಗು. ಆಮೇಲೆ ಮೂಗೊರೆಸಿಕೊಂಡ ಸದ್ದು. ಸಿದ್ದಗಂಗಯ್ಯನವರು ಆಚೆ ತಿರುಗಿ ಮೀಸೆಯೊಳಗೇ ನಕ್ಕರು. ಲ್ಯಾಪ್‌ಟಾಪ್ ತಂದು ಅಳಿಯನ ಕೈಗಿಟ್ಟು, ಜಗಲಿಯ ಮೇಲೆ ಚಾಪೆ ಹಾಸಿದರು.

"ಕುಂತ್ಕಳಿ ಅಳಿಯಂದ್ರೇ. ಆಷಾಢ ಹೊಸಿಲಿಗೆ, ಜಗಲಿಗಲ್ಲ. ಇವ್ಳು ಒಳಗ್ ಕುಂತ್ಕಂಡು ಮಾತಾಡ್ಲಿ, ನೀವು ಆಚೆ ಕುಂತ್ಕಂಡು ಕೇಳಿ. ಆದ್ರೆ ಸಂಜೆ ಬಸ್ಸಿಗೆ ಎದ್ದೋಗ್ಬೇಕು! ಇಲ್ದಿದ್ರೆ ಪ್ಲಗ್ ಕೀಳಾಕೆ ನಿಮ್ಮವ್ವಾರನ್ನೇ ಕರೆಸ್ಬೇಕಾಯ್ತದೆ!"