ಮಾವನವರು ಬಿಚ್ಚಿದ ಫಟಫಟಿ

ಮೋಟಾರ್ ಸೈಕಲ್ಲಿನ ಮೇಲೆ ಕುಳಿತು ತಿರುಗಾಡುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಮೋಟಾರ್ ಸೈಕಲ್ಲನ್ನೇ ಎತ್ತಿನ ಗಾಡಿಯಲ್ಲಿ ಕೂರಿಸಿ ಊರೂರು ತಿರುಗಾಡಿಸಿದವರನ್ನು ಕಂಡಿದ್ದೀರಾ? ಇಡೀ ಇಂಡಿ ತಾಲೂಕಿನಲ್ಲಿ ಆ ಕೀರ್ತಿ ನಮ್ಮ ಮಾವನವರೊಬ್ಬರಿಗೇ ಸಲ್ಲಬೇಕು! ಅವರ ಫಟಫಟಿ ಅಗರಖೇಡ ನೋಡಿತ್ತು, ಹೊರ್ತಿ ನೋಡಿತ್ತು, ಸಿಂದಗಿಯನ್ನೂ ನೋಡಿತ್ತು. ಹೋಗುವಾಗ ತನ್ನ ಗಾಲಿಗಳ ಮೇಲೆ, ಬರುವಾಗ ಗಾಡಿಯ ಮೇಲೆ, ಹುಲ್ಲಿನ ಹಾಸಿಗೆಯಲ್ಲಿ ಒರಗಿಕೊಂಡು, ಹೆರಿಗೆಗೆ ತವರಿಗೆ ಹೊರಟ ಬಸುರಿಯ ಹಾಗೆ!

ಆ ಗಾಡಿ ಪಕ್ಕದ ಮನೆಯ ಲಾಡ್ಲೇಸಾಬರದು. ಮಾವನವರೂ ಅವರೂ ಬಾಲ್ಯದ ಗೆಳೆಯರು, ಇಬ್ಬರ ನಿಂಬೆ ತೋಟಗಳಿಗೂ ಒಂದೇ ಬದು. ಮಾವನವರು ಫಟಫಟಿ ಹತ್ತಿ ಹೋದರೆ ಲಾಡ್ಲೇಸಾಬರು ಕಟ್ಟೆಯ ಮೇಲೆ ಕುಳಿತು ಕಿವಿಗೊಡುತ್ತಿದ್ದರು. ಸಪ್ಪಳ ದೂರವಾಗಿ ಸಣ್ಣಗಾದರೆ ಸರಿ. ನಡುವೆ ಗಕ್ಕನೆ ನಿಂತಿತೋ, "ಏಳ್ರೆಪಾ, ಸಾಹುಕಾರ್‍ರು ಕರಿಯಾಕತ್ತಾರ" ಎಂದು ಎತ್ತುಗಳಿಗೆ ಹೇಳುತ್ತಿದ್ದರು. ಕೆಲವು ಕಾಲದ ಮೇಲೆ ಹೇಳುವುದೂ ಬೇಕಾಗಲಿಲ್ಲ. ಸಪ್ಪಳ ನಿಂತ ಕೂಡಲೇ ಎತ್ತುಗಳು ತಾವಾಗಿಯೇ ಎದ್ದು ನೊಗದ ಕಡೆ ನಡೆಯುತ್ತಿದ್ದವು ಎಂದು ಅವರು ಆಣೆ ಮಾಡಿ ಹೇಳುತ್ತಾರೆ. ನಾನು ಪೂರ್ತಿ ನಂಬುವುದಿಲ್ಲ. ಪೂರ್ತಿ ನಂಬದೆಯೂ ಇಲ್ಲ!

ಈ ಫಟಫಟಿ ಮನೆ ಸೇರಿದ ಕಥೆಯನ್ನು ನಮ್ಮ ಅತ್ತೆಯ ಬಾಯಿಂದಲೇ ಕೇಳಬೇಕು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಸಾಮಾನುಗಳು ಕೈಯಿಂದ ಕೈಗೆ ದಾಟಿ ಸೊಲ್ಲಾಪುರದ ಗುಜರಿಗಳಿಗೆ ಬಂದು ಬಿದ್ದಿದ್ದವಂತೆ. ತೋಟದ ಬಾವಿಗೆ ನೀರೆತ್ತುವ ಎಂಜಿನ್ ತರುತ್ತೇನೆಂದು ಮಾವನವರು ಅಲ್ಲಿಗೆ ಹೋದರು.

"ಎಂಜಿನ್ ತರ್ತೇನಂತ ಹ್ವಾದ್ರು, ಎಂಜಿನ್ನ ತಂದ್ರು. ಸುಳ್ಳ ಯಾಕ ಹೇಳ್ಲಿ?" ಎನ್ನುತ್ತಿದ್ದರು ಅತ್ತೆ. "ಅದಕ್ಕ ಎರಡ ಗಾಲಿ ಹೆಚ್ಚಿಗಿದ್ದು, ಅಷ್ಟ!"

ಬಾವಿಯ ಮೇಲೆ ಕಪಿಲೆ ಎಳೆದು ನೀರೆತ್ತುವ ಎತ್ತುಗಳು ಹಾಗೆಯೇ ಮುಂದುವರಿದವು. ಮಾವನವರಿಗೆ ಮಾತ್ರ ಜನ್ಮ ಸಾರ್ಥಕವಾಯಿತು.

ಇನ್ನು ನನ್ನ ಮದುವೆಯ ವಿಷಯ. ನನ್ನ ತವರು ಮುದ್ದೇಬಿಹಾಳ. ಅಪ್ಪ ಅಲ್ಲಿ ಬಟ್ಟೆ ಅಂಗಡಿ ಇಟ್ಟವರು; ಗಜ ಹಿಡಿದು ಅಳೆದ ಹಾಗೆ ಮಾತು, ಅಳೆದ ಹಾಗೆ ನಡತೆ. ನಾನು ಒಬ್ಬಳೇ ಮಗಳು, ಹುಟ್ಟಿದಾಗಲೇ ತಾಯಿ ತೀರಿಹೋಗಿದ್ದರಿಂದ ಅಪ್ಪನ ಕೈಯಲ್ಲೇ ಬೆಳೆದವಳು. ಮದುವೆಯ ದಿನ ಬೀಗರ ದಿಬ್ಬಣ ಬಸ್ಸಿನಲ್ಲಿ ಬಂದು ಇಳಿಯಿತು. ಮದುಮಗ ಇದ್ದ, ಅತ್ತೆ ಇದ್ದರು, ಮದುಮಗನ ಅಪ್ಪ ಮಾತ್ರ ಇಲ್ಲ! "ಅವರು ಫಟಫಟಿ ಮ್ಯಾಲ ಹಿಂದಿಂದ ಬರಾಕತ್ತಾರ್ರಿ" ಎಂದರು ಯಾರೋ. ಮುಹೂರ್ತ ಸಮೀಪಿಸಿತು. ಅಪ್ಪ ಹಂದರದ ಬಾಗಿಲಿಗೂ ಒಳಗೂ ಓಡಾಡಿ ಬೆವತುಹೋದರು. ಕೊನೆಗೆ ಮದುಮಗನ ಕಾಕಾನನ್ನು ತಂದೆಯ ಸ್ಥಾನದಲ್ಲಿ ನಿಲ್ಲಿಸಿ ಅಕ್ಷತೆಯ ಅಕ್ಕಿಕಾಳು ಹಾಕಿಸಿದರು.

ಊಟದ ಪಂಕ್ತಿ ಕುಳಿತ ಮೇಲೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಬಸವನ ಬಾಗೇವಾಡಿ ದಾಟಿದ ಮೇಲೆ ಫಟಫಟಿ ಕೈಕೊಟ್ಟಿತ್ತು. ಗಾಡಿಯಲ್ಲಿ ಮಾವನವರು, ಪಕ್ಕದಲ್ಲಿ ಫಟಫಟಿ, ಅದರ ಮೇಲೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಇಟ್ಟ ಒಂದು ಕೈ! "ಬೀಗರು ಮದುಮಗಳಿಗೆ ಆಯೇರಿ ತಂದಾರ ನೋಡ್ರಿ!" ಎಂದು ಪಂಕ್ತಿಯಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ.

"ಮಗನ ಅಕ್ಕಿಕಾಳಿಗಿಂತ ಆ ಕಬ್ಬಿಣ ಹೆಚ್ಚಾತೇನ್ರಿ ನಿಮಗ?" ಎಂದು ಎಲ್ಲರ ಮುಂದೆಯೇ ಕೇಳಿದರು.

ಯಾರಾದರೂ ಆಗ ಕೈ ಮುಗಿದು "ತಪ್ಪಾತ್ರಿ" ಎನ್ನುತ್ತಿದ್ದರು. ನಮ್ಮ ಮಾವನವರು ಶಾಂತವಾಗಿ ತಿದ್ದಿದರು: "ಪೂರಾ ಕಬ್ಬಿಣ ಅಲ್ರಿ ಬೀಗರ. ಪಿಸ್ಟನ್ ಅಲ್ಯೂಮಿನಂದ ಐತಿ."

ಅಷ್ಟೇ! ಅಪ್ಪನ ಮುಖ ಕೆಂಪಗಾಯಿತು. "ಆ ಫಟಫಟಿ ನಿಮ್ಮ ಮನ್ಯಾಗ ಇರೂತನಕ ನಾ ಇಂಡಿಗಿ ಕಾಲಿಡಾಂವಲ್ಲ!" ಎಂದುಬಿಟ್ಟರು. ಅಪ್ಪ ಮಾತಾಡಿದರೆಂದರೆ ಬಟ್ಟೆ ಹರಿದ ಹಾಗೆ, ಮತ್ತೆ ಕೂಡಿಸಲಾಗದು.

ಮಾವನವರಿಗೆ ಬೀಗರ ಸಿಟ್ಟು ತಟ್ಟಿತೋ ಇಲ್ಲವೋ ದೇವರೇ ಬಲ್ಲ. ಫಟಫಟಿ ಕೈಕೊಟ್ಟದ್ದು ಮಾತ್ರ ಚೆನ್ನಾಗಿ ತಟ್ಟಿತ್ತು. ಸಿಕ್ಕ ಲಾರಿಯೊಂದರಲ್ಲಿ ಅದನ್ನು ಹೇರಿಕೊಂಡು, ದಿಬ್ಬಣಕ್ಕಿಂತ ಮೊದಲೇ ಇಂಡಿ ಸೇರಿ ಪಡಸಾಲೆಯಲ್ಲಿ ಎಂಜಿನ್ ಬಿಚ್ಚಿ ಹರವಿಬಿಟ್ಟಿದ್ದರು. ಹೊಸ ಸೊಸೆಯಾಗಿ ನಾನು ಹೊಸ್ತಿಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಕಾಲಿಟ್ಟೆ. ಸೇರು ಉರುಳಿತು, ಅಕ್ಕಿ ಚೆಲ್ಲಿತು, ಮುತ್ತೈದೆಯರು ಆರತಿ ಎತ್ತಿದರು. ಒಳಗಿನಿಂದ ಸಿಡಿಲಿನಂಥ ಕೂಗು: "ಏ ಯವ್ವಾ, ಸಾವಕಾಶ! ಮುಂದ ಕ್ರ್ಯಾಂಕ್ ಕೇಸ್ ಐತಿ, ಅದನ್ನ ಒದಿಬ್ಯಾಡ!"

ಅದೇ ನನಗೆ ಗಂಡನ ಮನೆಯ ಮೊದಲ ಆಶೀರ್ವಾದ!

ಹೊಸ ಮನೆಯಲ್ಲಿ ಪಾತ್ರೆ ಎಲ್ಲಿದೆ, ಪಡಿ ಎಲ್ಲಿದೆ ಎಂದು ಸೊಸೆಯರು ಕಲಿಯುತ್ತಾರೆ. ನಾನು ಯಾವ ಪಾತ್ರೆಯಲ್ಲಿ ಸೀಮೆಎಣ್ಣೆ ಇಲ್ಲ ಎಂಬುದನ್ನು ಕಲಿತೆ. ಹಿತ್ತಾಳೆಯ ಪರಾತದಲ್ಲಿ ಗಿಯರುಗಳು ನೆನೆಯುತ್ತಿದ್ದವು. ಉಪ್ಪಿನಕಾಯಿಗೆಂದು ಆರಿಸಿಟ್ಟ ನಿಂಬೆಹಣ್ಣು ಮಾಯವಾದವು. ಹುಡುಕಿದರೆ, ಬೂದಿ ಹಚ್ಚಿ ಹಣ್ಣಿನ ಹೋಳಿನಿಂದ ಕಾರ್ಬುರೇಟರ್ ತಿಕ್ಕುತ್ತ ಮಾವನವರು ಕುಳಿತಿದ್ದಾರೆ. "ದೇವರ ಸಾಮಾನು ಸುದ್ದಾ ಇಷ್ಟು ಹೊಳಿಯಂಗಿಲ್ಲ" ಎಂದು ಅದನ್ನು ಬಿಸಿಲಿಗೆ ಹಿಡಿದು ನನಗೇ ತೋರಿಸಿದರು. ಎಂಜಿನ್ನಿನ ಮುಚ್ಚಳಗಳ ನಡುವೆ ಎಣ್ಣೆ ಸೋರದ ಹಾಗೆ ದಪ್ಪ ಕಾಗದದ ಗ್ಯಾಸ್ಕೆಟ್ ಕೂರಿಸಬೇಕಂತೆ. ಅಂಥ ದಪ್ಪ ಕಾಗದ ಇಂಡಿಯಲ್ಲಿ ಎಲ್ಲಿ ಸಿಗಬೇಕು? ಸಿಕ್ಕಿತು! ಹಂಚಿ ಉಳಿದಿದ್ದ ನಮ್ಮ ಲಗ್ನಪತ್ರಿಕೆಗಳು! ಕತ್ತರಿ ಹಿಡಿದು ನನ್ನ ಹೆಸರನ್ನು ಕ್ಲಚ್ಚಿನ ಕಡೆಗೂ ಗಂಡನ ಹೆಸರನ್ನು ಮ್ಯಾಗ್ನೆಟೋ ಕಡೆಗೂ ಹಾಕಿದರು. ಸಿಂದಗಿಯಲ್ಲಿ ಸಾಲಿ ಮಾಸ್ತರರಾಗಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ನನ್ನ ಗಂಡ ಇದನ್ನು ನೋಡಿ, "ನಮ್ಮ ಸಂಸಾರ ಹಂಗೂ ದೂರದೂರ ಐತಿ ಬಿಡು" ಎಂದು ನಿಟ್ಟುಸಿರು ಬಿಟ್ಟರು.

ಒಂದು ದಿನ ಮನೆಯಲ್ಲಿ ದೊಡ್ಡ ರಂಪವಾಯಿತು. ಎಂಜಿನ್ನಿನ ವಾಲ್ವು, ಎಂದರೆ ಕವಾಟವನ್ನು ಎತ್ತಿ ಇಳಿಸುವ ಪುಶ್‌ರಾಡ್ ಎಂಬ ಉದ್ದನೆಯ ಕಡ್ಡಿ ಕಾಣೆಯಾಗಿತ್ತು. ಮಾವನವರು ಕಾಳು ತುಂಬುವ ಹಗೇವಿನಲ್ಲಿ ಹುಡುಕಿದರು, ಕೊಟ್ಟಿಗೆಯಲ್ಲಿ ಹುಡುಕಿದರು. ನೋಡಲು ಬಂದವರ ಮೇಲೆಲ್ಲ ಸಂಶಯಪಟ್ಟರು. ಲಾಡ್ಲೇಸಾಬರನ್ನು ನಿಲ್ಲಿಸಿ, "ನಿನ್ನ ಬಾರಕೋಲು ತೋರಸು" ಎಂದರು. ಇಬ್ಬರೂ ಎರಡು ದಿನ ಮಾತು ಬಿಟ್ಟರು. ಆಮೇಲೆ ಊಟಕ್ಕೆಂದು ಅಡುಗೆಮನೆಗೆ ಬಂದ ಮಾವನವರು ಬಾಗಿಲಲ್ಲೇ ಕಲ್ಲಾಗಿ ನಿಂತರು. ಚಿಲಕದ ಕೊಂಡಿಯಲ್ಲಿ ಪುಶ್‌ರಾಡ್!

"ಬೆಕ್ಕು ಒಳಗ ಬರ್ತೇತಂತ ನಾನ ಸಿಗಿಸೇನ್ರಿ" ಎಂದರು ಅತ್ತೆ, ರೊಟ್ಟಿ ಬಡಿಯುತ್ತಲೇ. "ನಿಮ್ಮ ಫಟಫಟ್ಯಾಗ ಇದ್ದಾಗ ಅದಕ್ಕೇನ ಕೆಲಸಿತ್ತು? ಇಲ್ಲಿ ಕೆಲಸ ಮಾಡಾಕತ್ತೇತಿ."

ಮಾವನವರು ಅದನ್ನು ಕಿತ್ತುಕೊಂಡು, ಊಟ ಬಿಟ್ಟು, ಲಾಡ್ಲೇಸಾಬರಿಗೆ ತೋರಿಸಲು ಓಡಿದರು!

ಕೊನೆಗೆ ರೋಗದ ಮೂಲ ಸಿಕ್ಕಿತು. ಎಂಜಿನ್ ಬಿಸಿಯಾದ ಮೇಲೆ ಒಂದು ಕವಾಟ ತನ್ನ ಪೀಠದ ಮೇಲೆ ಸರಿಯಾಗಿ ಕೂರದೆ ದಮ್ಮು ಸೋರಿಹೋಗುತ್ತಿತ್ತು. ಅದನ್ನು ಎಣ್ಣೆಯಲ್ಲಿ ಕಲಸಿದ ಕುರುಂದದ ಪುಡಿ ಹಚ್ಚಿ, ಪೀಠದ ಮೇಲೆಯೇ ತಿರುತಿರುಗಿಸಿ ಮಸೆಯಬೇಕು. ಮಾವನವರು ಕವಾಟಕ್ಕೆ ಕೋಲು ಸಿಕ್ಕಿಸಿ ಎರಡೂ ಅಂಗೈಗಳ ನಡುವೆ ತಿರುಗಿಸುತ್ತ ಕುಳಿತರು. ಬೆಳಿಗ್ಗೆ ನೋಡಿದರೂ ಅದೇ, ಸಂಜೆ ನೋಡಿದರೂ ಅದೇ. ಅತ್ತೆ ಕಂಬಕ್ಕೆ ಒರಗಿ ನೋಡಿ, "ಜನ್ಮದಾಗ ಒಂದ ದಿನ ಮಜ್ಜಿಗಿ ಕಡೀಲಿಲ್ಲ, ಈಗ ಕಬ್ಬಿಣ ಕಡಿಯಾಕ ಕುಂತಾರ. ಬೆಣ್ಣಿ ಬಂದ್ರ ಹೇಳ್ರಿ, ಗಡಿಗಿ ತರ್ತೇನಿ!" ಎಂದರು.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮ ಕಡೆಯ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಪ್ಪನೋ ಅಣ್ಣನೋ ಬಂದು ಕರೆದುಕೊಂಡು ಹೋಗಬೇಕು, ಬೇವಿನ ಮರಕ್ಕೆ ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಬೇಕು. ಲಗ್ನವಾದ ಮೇಲಿನ ಮೊದಲ ಪಂಚಮಿಯಂತೂ ತಪ್ಪುವ ಹಾಗೇ ಇಲ್ಲ. ನಮ್ಮ ಓಣಿಯ ಸೊಸೆಯರು ಒಬ್ಬೊಬ್ಬರಾಗಿ ಹೊಸ ಇಳಕಲ್ ಸೀರೆಯುಟ್ಟು ಹೊರಟರು. ನನ್ನನ್ನು ಕರೆಯಲು ಯಾರು ಬರಬೇಕು? ಇದ್ದ ಒಬ್ಬ ಅಪ್ಪ ಮಾತು ಹರಿದುಕೊಂಡು ಕುಳಿತಿದ್ದರು. "ನಾನ ಬಿಟ್ಟು ಬರ್ಲೇನು?" ಎಂದು ಗಂಡ ಕೇಳಿದರು. ಬೇಡವೆಂದೆ. ಕರೆಯದೆ ಹೋದರೆ ಅದು ಪಂಚಮಿಯೇ?

ಹಬ್ಬಕ್ಕೆ ನಾಲ್ಕು ದಿನವಿರುವಾಗ ಉಂಡಿಗೆಂದು ಎಳ್ಳು ಹುರಿಯುತ್ತ ಒಲೆಯ ಮುಂದೆ ಕುಳಿತವಳಿಗೆ ಅಳು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಮಾವನವರು ಚಿಂದಿ ಬಟ್ಟೆ ಕೇಳಲು ಬಾಗಿಲಿಗೆ ಬಂದರು. ನನ್ನನ್ನು ನೋಡಿದರು. "ಹೊಗಿ ಭಾಳ ಆಗೇತಿ" ಎಂದು ತಾವೇ ಹೇಳಿಕೊಂಡು, ಬಟ್ಟೆ ಕೇಳದೆಯೇ ತಿರುಗಿಹೋದರು. ಒಲೆಯಲ್ಲಿ ಹೊಗೆಯೇ ಇರಲಿಲ್ಲ.

ಮರುದಿನ ಎಂಜಿನ್ ಕೂಡಿತು. ಮಾವನವರು ಕಿಕ್ ಹೊಡೆದರು. ಮೊದಲ ಸಲ ಅದು ಅವರನ್ನೇ ತಿರುಗಿ ಒದೆದು ನಿಂಬೆಹಣ್ಣಿನ ರಾಶಿಯ ಮೇಲೆ ಕೆಡವಿತು. ಎದ್ದು ಧೋತರ ಝಾಡಿಸಿ, ಮ್ಯಾಗ್ನೆಟೋದ ಹೊಂದಿಕೆಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಹೊಡೆದರು. ಡಬ್... ಡಬ್... ಡಬಡಬಡಬ! ಅದುವರೆಗಿನ ಕೆಮ್ಮು ಉಬ್ಬಸ ಯಾವುದೂ ಇಲ್ಲ. ಓಣಿಯ ನಾಯಿಗಳೂ ಬೊಗಳುವುದು ಬಿಟ್ಟು ಕೇಳಿದವು!

"ಹೊರ್ತಿ ತನಕ ಹೋಗಿ ಟ್ರಯಲ್ ನೋಡಿ ಬರ್ತೇನಿ" ಎಂದು ಹೊರಟರು. ಲಾಡ್ಲೇಸಾಬರು ವಾಡಿಕೆಯಂತೆ ಕಿವಿಗೊಟ್ಟು ಕುಳಿತರು. ಸಪ್ಪಳ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಕೇಳಿಸದಾಯಿತು. ಊಟದ ಹೊತ್ತಾಯಿತು, ಬರಲಿಲ್ಲ. ಲಾಡ್ಲೇಸಾಬರು ಗಾಡಿ ಕಟ್ಟಿಕೊಂಡು ಹೊರ್ತಿಗೆ ಹೋದರು. ಅಲ್ಲಿ ಯಾರೂ ಫಟಫಟಿ ಕಂಡೇ ಇರಲಿಲ್ಲ! ಖಾಲಿ ಗಾಡಿ ತಿರುಗಿ ಬಂದಾಗ ಅತ್ತೆ ಕಂದೀಲು ಹಿಡಿದು ಊರ ಅಗಸಿಬಾಗಿಲ ತನಕ ಹೋಗಿ ನೋಡಿ ಬಂದರು. ದಿನವೆಲ್ಲ ಬೈಯುತ್ತಿದ್ದ ಆ ಹೆಂಗಸು ಅಂದು ತುತ್ತು ಮುಟ್ಟಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಡಬಡಬ ಕೇಳಿಸಿತು. ಎಲ್ಲರೂ ಅಗಸಿಯ ಕಡೆ ಓಡಿದೆವು. ಎರೆಮಣ್ಣಿನ ಕೆಸರಿನಲ್ಲಿ ಅದ್ದಿ ತೆಗೆದ ಹಾಗೆ ಮಾವನವರು ಬರುತ್ತಿದ್ದರು. ಹಿಂದೆ ಇನ್ನೊಂದು ಮಣ್ಣಿನ ಮೂರ್ತಿ! ಫಟಫಟಿ ನಿಂತ ಮೇಲೂ ಆ ಮೂರ್ತಿಯ ಕಾಲುಗಳು ನಡುಗುತ್ತಿದ್ದವು. ಮುಖ ಒರೆಸಿಕೊಂಡಿತು. ನನ್ನ ಅಪ್ಪ!

"ಫಟಫಟಿ ಇರೂತನಕ ಕಾಲಿಡಂಗಿಲ್ಲ ಅಂದಿದ್ರಲ್ರಿ?" ಎಂದು ಅತ್ತೆ ನಗುತ್ತ, ಕಣ್ಣೊರೆಸುತ್ತ ಕೇಳಿದರು.

"ಕಾಲೆಲ್ಲಿ ಇಟ್ಟೇನ್ರಿ?" ಎಂದರು ಅಪ್ಪ. "ಇನ್ನೂ ಇದರ ಮ್ಯಾಲ ಕುಂತೇನಲ್ಲ! ಇಳಸ್ರಿ ಯಾರರ, ಸೊಂಟ ಹಿಡದೇತಿ."

ನಡೆದದ್ದನ್ನು ಅಪ್ಪ ನನಗೆ ಹೇಳಿದ್ದು ಮುದ್ದೇಬಿಹಾಳಕ್ಕೆ ಹೊರಟ ಬಸ್ಸಿನಲ್ಲಿ. ಅವರು ಅಂಗಡಿಯ ಬಾಗಿಲು ಹಾಕುತ್ತಿದ್ದಾಗ ಮಾವನವರು ಆ ಭಾರದ ಫಟಫಟಿಯನ್ನು ಕೆಸರಿನಲ್ಲಿ ತಳ್ಳಿಕೊಂಡು, ಏದುಸಿರು ಬಿಡುತ್ತ ಬಂದರಂತೆ. ಅಪ್ಪನಿಗೆ ಒಳಗೊಳಗೇ ಹಿಗ್ಗು. "ಯಾಕ್ರಿ, ಮತ್ತ ಕೆಟ್ಟತೇನು?" ಎಂದು ಕೇಳಿದರಂತೆ.

"ಇಲ್ರಿ ಬೀಗರ, ಛಲೋ ಐತಿ. ನಿಮಗ ಇದರ ಸಪ್ಪಳ ಸೇರಂಗಿಲ್ಲಲ್ರಿ? ಅದಕ್ಕ ಊರ ಹೊರಗ ಬಂದ್ ಮಾಡಿ ತಳ್ಳಿಕೊಂಡು ಬಂದೆ" ಎಂದರಂತೆ ಮಾವನವರು. ಆಮೇಲೆ ರುಮಾಲು ತೆಗೆದು, "ಲಗ್ನದಾಗ ನಾ ಮಾಡಿದ್ದು ತಪ್ಪು. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ಇಡ್ರಿ. ಕೂಸು ಒಲಿ ಮುಂದ ಕುಂತು ಅಳಾಕತ್ತೇತಿ, ನನಗ ನೋಡಾಕ ಆಗವಲ್ದು" ಎಂದರಂತೆ.

ಅಪ್ಪ ಅಂಗಿಯ ತೋಳಿಗೆ ಅಂಟಿದ ಕೆಸರು ಕೆರೆಯುತ್ತ ಮುಂದುವರಿಸಿದರು.

"ದಾರಿ ಉದ್ದಕ್ಕೂ ನಿಮ್ಮ ಮಾವ ಏನೇನೋ ಹೇಳಾಕತ್ತಿದ್ರವ್ವ. ಆ ಸಪ್ಪಳದಾಗ ಒಂದೂ ತಿಳೀಲಿಲ್ಲ. ನಡುನಡುವ 'ನಮ್ಮ ಕೂಸು, ನಮ್ಮ ಕೂಸು' ಅನ್ನೂದಷ್ಟ ಕೇಳಸ್ತು. ಮದಲ ನನಗ ಸಿಟ್ಟ ಬಂತು. ನಾ ಹಡದ ಮಗಳನ್ನ ನಮ್ಮ ಕೂಸು ಅನ್ನಾಕ ಇವರ್‍ಯಾರು ಅಂತ."

"ಆಮ್ಯಾಲ?" ಎಂದೆ.

"ಆಮ್ಯಾಲ ಏನು," ಎಂದರು ಅಪ್ಪ, "ಅಲ್ಲಿತನಕ ಸೀಟ ಹಿಡದ ಕುಂತಿದ್ದೆ. ಅಲ್ಲಿಂದ ಮುಂದ ಅವರ ಹೆಗಲ ಹಿಡಕೊಂಡು ಕುಂತೆ."