ಗುಡ್ ಮಾರ್ನಿಂಗಿಗೆ ಎರಡು ಫ್ಲ್ಯಾಗು

ಎದುರಿಗೆ ನಿಂತು 'ಬೇಡ' ಎನ್ನುವ ಧೈರ್ಯ ನನಗೆ ಹುಟ್ಟಿನಿಂದ ಬಂದಿಲ್ಲ. ಊಟಕ್ಕೆ ಕುಳಿತಾಗ ನಾಲ್ಕನೆಯ ರೊಟ್ಟಿಗೂ ಅಂಗೈ ಅಡ್ಡ ಹಿಡಿಯುತ್ತೇನೆ, ಬೆರಳು ಸಡಿಲ ಬಿಟ್ಟು; ರೊಟ್ಟಿ ತಟ್ಟೆಗೆ ಬಿದ್ದೇ ಬೀಳುತ್ತದೆ. ಹೀಗಾಗಿ ಗಲಗಲಿಯ ನನ್ನ ಹಿರಿಯ ಗೆಳೆಯರಾದ ಮಲ್ಲಪ್ಪ ಮಾಸ್ತರರು ನಿವೃತ್ತಿಯ ನಂತರ ಇ-ಮೇಲ್ ಕಲಿತು, ಜಮಖಂಡಿಯ ನನ್ನ ಕಾಲೇಜು ಆಫೀಸಿಗೆ ದಿನಾ ಬೆಳಿಗ್ಗೆ ಕಮಲದ ಚಿತ್ರದ ಸಮೇತ 'ಗುಡ್ ಮಾರ್ನಿಂಗ್' ಕಳಿಸತೊಡಗಿದಾಗ, ಬೇಡವೆನ್ನುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದೆ.

ಫಿಲ್ಟರ್ ಹಾಕಿದೆ: 'ಗುಡ್ ಮಾರ್ನಿಂಗ್' ಎಂದು ಶುರುವಾಗುವ ಪತ್ರವೆಲ್ಲ ಕಸದ ಬುಟ್ಟಿಗೆ. ಮಾಸ್ತರರು ಇಂಗ್ಲಿಷಿನಲ್ಲಿ ಒಂದು ದಿನ ದೊಡ್ಡಕ್ಷರ, ಒಂದು ದಿನ ಚಿಕ್ಕಕ್ಷರ ಬರೆದು ನುಸುಳಿದರು. ಫಿಲ್ಟರಿನ ನಿಯಮದ ಬಾಲಕ್ಕೆ 'ಐ' ಎಂಬ ಫ್ಲ್ಯಾಗ್, ಅಂದರೆ ಒಂದಕ್ಷರದ ಸೂಚನೆ, ಅಂಟಿಸಿದೆ. ಅದು ದೊಡ್ಡದು ಚಿಕ್ಕದು ಎಂದು ಭೇದ ಮಾಡುವುದಿಲ್ಲ. ಅವರು ಮೊದಲು ನನ್ನ ಹೆಸರು ಬರೆದು, ಎರಡನೆಯ ಸಾಲಿನಲ್ಲಿ ಗುಡ್ ಮಾರ್ನಿಂಗ್ ಇಟ್ಟರು. 'ಎಂ' ಅಂಟಿಸಿದೆ, ಅದಕ್ಕೆ ಯಾವ ಸಾಲಿನ ಆರಂಭವೂ ಆರಂಭವೇ. ಆಮೇಲೆ ಒಂದೂ ಬರಲಿಲ್ಲ. ಎರಡು ದಿನ ಕಾಲರ್ ಏರಿಸಿಕೊಂಡು ಓಡಾಡಿದೆ.

ನಮ್ಮ ಕಡೆ ಯಾರೂ ನೇರವಾಗಿ ವಿಷಯಕ್ಕೆ ಬರುವುದಿಲ್ಲ ಎಂಬುದನ್ನು ಮಾತ್ರ ಮರೆತಿದ್ದೆ. ನಮಸ್ಕಾರ, ಆರೋಗ್ಯ, ಹೊಳೆಯ ನೀರು ಎಲ್ಲ ಮುಗಿದ ಮೇಲೇ ವಿಷಯ.

ಹೊಲದಲ್ಲಿ ಪೂಜೆ ಮಾಡಿ, ಬೆಳೆಗೆ ಎಡೆ ಚೆಲ್ಲಿ, ಎಲ್ಲರೂ ಅಲ್ಲೇ ಉಣ್ಣುವ ಎಳ್ಳಮಾವಾಸ್ಯೆಯ ಮರುದಿನ ಮಾಸ್ತರರು ಆಫೀಸಿಗೇ ಬಂದರು. ಕೈಯಲ್ಲಿ ಬಟ್ಟೆಯ ಗಂಟು.

"ನಿನ್ನಿ ಹೊಲದಾಗ ಚರಗ ಚೆಲ್ಲಿ, ಊಟಕ್ಕ ನಿನ್ನ ಹಾದಿ ಕಾಯಕೋತ ಕುಂತ್ವಿ. ಮೂರು ಗಂಟೆ ತನಾ ಮನ್ಯಾಗಿನವ್ರು ಯಾರೂ ಒಂದ ತುತ್ತ ಎತ್ತಲಿಲ್ಲ. ಬಾ ಅಂತ ಮೇಲ್ ಹಾಕಿದ್ನಲ್ಲಾ? ನನ್ನ ಮ್ಯಾಲ ಸಿಟ್ಟ ಏನರ ಐತೇನಪಾ?"

ಗಂಟಿನಲ್ಲಿ ಸಜ್ಜೆಯ ಕಡುಬು, ನನ್ನ ಪಾಲಿನದು. ಗುಡ್ ಮಾರ್ನಿಂಗ್ ಹೇಳಿಯೇ ಊಟಕ್ಕೆ ಕರೆದಿದ್ದ ಆ ಮೇಲ್ ಎಲ್ಲಿದೆಯೆಂದು ಕಸದ ಬುಟ್ಟಿ ತೆರೆಯದೆಯೇ ಗೊತ್ತಾಯಿತು. ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ನಿಜ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ: "ಈ ಕಂಪ್ಯೂಟರ್ ಒಮ್ಮೊಮ್ಮೆ ಮೇಲ್ ನುಂಗತೈತ್ರಿ, ಮಾಸ್ತರ."

ಅವರ ಮುಖ ಅರಳಿತು. "ಹಂಗಾ! ನಾ ಏನೇನೋ ಅನ್ಕೊಂಡಿದ್ದೆ. ಇರ್ಲಿ ಬಿಡು, ನಾಳಿಂದ ಎರಡೆರಡ ಕಳಸ್ತೀನಿ. ಒಂದ ನುಂಗಿದ್ರ ಇನ್ನೊಂದ ಮುಟ್ಟತೈತಿ."

ಫಿಲ್ಟರನ್ನು ಫ್ಲ್ಯಾಗುಗಳ ಸಮೇತ ಕಿತ್ತು ಹಾಕಿದ್ದೇನೆ. ಈಗ ದಿನಾ ಎರಡು ಕಮಲ ಬರುತ್ತವೆ. ಎರಡನ್ನೂ ಕೊನೆಯ ಸಾಲಿನವರೆಗೆ ಓದುತ್ತೇನೆ. ನಿನ್ನೆ ಒಂದೇ ಬಂತು. ಹನ್ನೊಂದು ಗಂಟೆಯವರೆಗೆ ಕಾದು, ತಡೆಯಲಾರದೆ ನಾನೇ ಫೋನು ಮಾಡಿ ಇನ್ನೊಂದು ಎಲ್ಲಿ ಎಂದು ಕೇಳಿದೆ.