ನಗೆಕೂಟದಲ್ಲಿ ಪರದೇಶದ ಹಾಸ್ಯನಟ

ಒಬ್ಬನೇ ಇರುವವನಿಗೆ ನಗು ಬಂದರೆ ಕಷ್ಟ. ಅಳುವುದಾದರೆ ಬಾಗಿಲು ಹಾಕಿಕೊಂಡರಾಯಿತು, ನಗುವುದಕ್ಕೆ ಪಕ್ಕದಲ್ಲೊಬ್ಬರು ಬೇಕು. ಉಲ್ಲಾಳದ ನನ್ನ ರೂಮಿನಲ್ಲಿ ಒಂದು ಸಂಜೆ ಮೊಬೈಲ್ ನೋಡುತ್ತ ಜೋರಾಗಿ ನಕ್ಕುಬಿಟ್ಟೆ. ಓನರ್ ಆಂಟಿ ಬಂದು, ಇನ್ಯಾರನ್ನು ಇಟ್ಟುಕೊಂಡಿದ್ದೀರಿ ಎಂದು ಮಂಚದ ಕೆಳಗೂ ಬಗ್ಗಿ ನೋಡಿದರು. ಯಾರಾದರೂ ಸಿಕ್ಕಿದ್ದರೆ ಅವರಿಗಿಂತ ನನಗೇ ಹೆಚ್ಚು ಸಂತೋಷವಾಗುತ್ತಿತ್ತು.

ಅದಕ್ಕೇ ವಿಜಯನಗರದ ಪಾರ್ಕಿನ ನಗೆಕೂಟಕ್ಕೆ ಸೇರಿದೆ. ನಾನು ಬಿಲ್ ಬರೆಯುವ ಹಾರ್ಡ್‌ವೇರ್ ಅಂಗಡಿ ಅಲ್ಲೇ ಹತ್ತಿರ. ಕೂಟ ನಡೆಸುವ ರಿಟೈರ್ಡ್ ಮೇಷ್ಟ್ರು ಚಪ್ಪಾಳೆ ತಟ್ಟಿದರೆ ಎಲ್ಲರೂ ಕೈ ಮೇಲೆತ್ತಿ ಹೋ ಹೋ ಎಂದು ನಗಬೇಕು, ಕಾರಣ ಕೇಳುವಂತಿಲ್ಲ. ನಗು ಮುಗಿದ ಮೇಲೆ ಅವರೆಲ್ಲ ಜೊತೆಜೊತೆಯಾಗಿ ಹೋಟೆಲ್ಲಿಗೆ ಹೊರಡುತ್ತಾರೆ. ಯಾರಾದರೂ ಕರೆದಾರೆಂದು ನಾನು ಕಟ್ಟಿದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತ ಕೂರುತ್ತಿದ್ದೆ. ಲೇಸು ಹರಿಯಿತೇ ಹೊರತು ಯಾರೂ ಕರೆಯಲಿಲ್ಲ.

ಒಂದು ದಿನ ಮೇಷ್ಟ್ರು, ಭಾನುವಾರ ಯಾರಾದರೂ ಹಾಸ್ಯದ ಬಗ್ಗೆ ನಾಲ್ಕು ಮಾತಾಡಬೇಕು ಎಂದಾಗ ಕೈ ಎತ್ತಿದೆ. ಮಾತಾಡಿದವನನ್ನಾದರೂ ಕಾಫಿಗೆ ಕರೆಯಲೇಬೇಕಲ್ಲ. ಆದರೆ ನಾನು ಶಾಲೆ ಓದಿದ್ದು ತಡವಾಗಿ. ಹಿರಿಯೂರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದಾಗ ಹುಡುಗರು ನನ್ನನ್ನೇ ಮೇಲ್ವಿಚಾರಕ ಎಂದುಕೊಂಡು ಎದ್ದು ನಿಂತಿದ್ದರು. ಹೀಗಾಗಿ ಬರೆದುಕೊಳ್ಳದೆ ಮಾತಾಡುವ ಧೈರ್ಯವಿಲ್ಲ. ಅಂದು ಮೊಬೈಲಿನಲ್ಲಿ ನನ್ನನ್ನು ನಗಿಸಿದ್ದ, ನೂರು ವರ್ಷದ ಹಿಂದಿನ ಪರದೇಶದ ಮೂಕಿ ಚಿತ್ರದ ನಟನ ಕಥೆಯನ್ನೇ ಒಂದೇ ಬೆರಳಿನಲ್ಲಿ ವಾರವೆಲ್ಲ ಟೈಪ್ ಮಾಡಿದೆ. ಅವನ ಹೆಸರಿಗೆ ನಾಲಿಗೆ ಹೊರಳಲಿಲ್ಲ, ಬಿಟ್ಟೆ.

ಭಾನುವಾರ ಓದಿದೆ. ಅವನು ತನ್ನ ನಾಟಕ ತಾನೇ ಬರೆಯುತ್ತಿದ್ದದ್ದು, ಒಂದು ಚಿತ್ರದಲ್ಲಿ ಟೋಪಿ ಹುಡುಕುತ್ತ ರಾಜನ ಮೇಲೆ ಬಿದ್ದದ್ದು. ಯಾರೂ ನಗಲಿಲ್ಲ, ಚಪ್ಪಾಳೆ ಆಗಿರಲಿಲ್ಲವಲ್ಲ. ಮುಂದೆ ಮಾತಿನ ಸಿನಿಮಾ ಬಂತು, ಅವನ ಕೀರಲು ದನಿ ಯಾರಿಗೂ ಬೇಡವಾಯಿತು, ಬೇರೆಯವರಿಗೆ ತಮಾಷೆ ಬರೆದುಕೊಟ್ಟು ಬದುಕಿದ. ‘ಬಾಡಿಗೆ ರೂಮಿನಲ್ಲಿ ಒಬ್ಬನೇ ತೀರಿಕೊಂಡ’ ಎಂದು ಓದಿ ನಿಲ್ಲಿಸಿದೆ. ಭಾಷಣ ಮುಗಿಯಿತೆಂದು ಮೇಷ್ಟ್ರು ಮೆಚ್ಚಿ ಚಪ್ಪಾಳೆ ತಟ್ಟಿದರು. ಅಷ್ಟೂ ಜನ ಕೈ ಮೇಲೆತ್ತಿ ಹೋ ಹೋ ಹಾ ಹಾ ಎಂದರು. ಅಭ್ಯಾಸಬಲ ನೋಡಿ, ನನ್ನ ಕೈಯೂ ಮೇಲೆ ಹೋಯಿತು.

ಎಲ್ಲರೂ ಹೊರಟರು. ಬ್ಯಾಂಕಿನಿಂದ ನಿವೃತ್ತರಾದ ಪಾಟೀಲರೊಬ್ಬರು ಮಾತ್ರ ನಿಂತಿದ್ದರು.

“ಅಲ್ರೀ, ಒಬ್ಬನ ಇದ್ದ ಅಂದ್ರಲ್ಲ. ಅಡಿಗಿ ಯಾರು ಮಾಡ್ತಿದ್ರು ಅಂವಗ?”

ನಾನು ಟೈಪ್ ಮಾಡಿದ್ದರಲ್ಲಿ ಅದಿರಲಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. “ಅವನೇ ಮಾಡ್ಕೋತಿದ್ದ ಸಾರ್. ಒಂದ್ಸಲ ಹುಳಿ ಮಾಡಿದ್ರೆ ಮೂರು ದಿನ ಬಿಸಿ ಮಾಡ್ಕೊಂಡು ತಿಂತಿದ್ದ.”

“ಹುಳಿ? ಆ ದೇಶದಾಗ?”

“ಹೂಂ ಸಾರ್. ಒಬ್ಬನಿಗೇ ಅಂತ ಮುದ್ದೆ ತಿರುವೋಕೆ ಮಾತ್ರ ಮನಸ್ಸು ಬರ್ತಿರಲಿಲ್ಲ.”

ಪಾಟೀಲರು ನನ್ನ ಮುಖವನ್ನೇ ನೋಡಿದರು. “ಬರ್ರಿ, ಇಡ್ಲಿ ತಿನ್ನೂಣು. ಪಾಪ, ಅಂವನ್ನ ಯಾರೂ ಕರೀಲಿಲ್ಲ.”

ಹೋಟೆಲ್ಲಿನಲ್ಲಿ ಕೂತಾಗ, ಅಷ್ಟು ದೊಡ್ಡ ನಟನಿಗೆ ಸುಳ್ಳೇ ಮುದ್ದೆ ಕಟ್ಟಿದ್ದು ತಪ್ಪು, ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವರು ಚಟ್ನಿ ನನ್ನ ಕಡೆ ಸರಿಸಿ, ಆ ಮನುಷ್ಯನಿಗೆ ಮನೆಯವರು ಹೆಣ್ಣು ನೋಡಲಿಲ್ಲವೇ ಎಂದು ಕೇಳಿದರು.

“ನೋಡ್ತಾ ಇದಾರೆ ಸಾರ್” ಎಂದೆ.

ಅವನು ತೀರಿಕೊಂಡದ್ದನ್ನು ಅರ್ಧ ಗಂಟೆ ಹಿಂದೆ ನಾನೇ ಓದಿದ್ದೆ. ಪಾಟೀಲರು ತಲೆಯಾಡಿಸಿ, ಇನ್ನೆರಡು ವಡೆ ಹೇಳಿದರು.